ಅಭಿಮನ್ಯು ಬಂದ, ಸೈಂಧವ ಎಲ್ಲಿ?

ಪ್ರಿಯ ಲೇಖಕರೇ,

ಲೂಯಿವಿಲ್ ವಿಶ್ವವಿದ್ಯಾಲಯದ 2016ರ ಫುಟ್‌ಬಾಲ್ ತಂಡವನ್ನು ಕುರಿತು ನೀವು ಕಳಿಸಿದ ‘ಚಕ್ರವ್ಯೂಹದಲ್ಲಿ ಲಾಮಾರ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಹದಿನಾರು ಪುಟಗಳ ನಡುವೆ, ಹದಿನಾಲ್ಕನೆಯದರಲ್ಲಿ, ನೀವು ಒಂದು ವಾಕ್ಯ ಬರೆದಿದ್ದೀರಿ. ಅದಕ್ಕಾಗಿ ಈ ಪತ್ರ. ಆದರೆ ಮೊದಲು ಜಗಳ ಮುಗಿಸೋಣ.

ಮೊದಲ ಎರಡು ಪುಟಗಳನ್ನು ನೀವು ಆಟದ ನಿಯಮಗಳಿಗೆ ಕೊಟ್ಟಿದ್ದೀರಿ. ಇದು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ, ಶಿರಸ್ತ್ರಾಣ ಹಾಕಿಕೊಂಡು ಮೈಮೇಲೆ ಬೀಳುವ ಅಮೆರಿಕದ ಆಟ ಎಂಬುದನ್ನು ಹೇಳಲೇಬೇಕು, ಒಪ್ಪಿದೆ. ಅದಕ್ಕೆ ಒಂದು ವಾಕ್ಯ ಸಾಕು. ಉಳಿದದ್ದು ಕೈಪಿಡಿ, ಕೈಪಿಡಿ ಓದಲು ಯಾರೂ ಪತ್ರಿಕೆ ಕೊಳ್ಳುವುದಿಲ್ಲ. ನಮ್ಮ ಓದುಗನಿಗೆ ಒಂದೇ ನಿಯಮ ಗೊತ್ತಾಗಬೇಕು: ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಈ ನಿಯಮವನ್ನು ಹೇಳಿಕೊಡಲು ನಿಮ್ಮ ಕೈಯಲ್ಲೇ ಎಂಥ ದೃಶ್ಯವಿತ್ತು! ಅಕ್ಟೋಬರ್ 1ರ ರಾತ್ರಿ, ಕ್ಲೆಮ್ಸನ್‌ನ ಮೈದಾನ. ಅರ್ಧ ಆಟಕ್ಕೆ ಲೂಯಿವಿಲ್ 10-28ರಿಂದ ಹಿಂದೆ. ಆಮೇಲೆ ಸಾಲಾಗಿ 26 ಅಂಕ ಗಳಿಸಿ 36-28ರಿಂದ ಮುಂದೆ. ಮತ್ತೆ 36-42ರಿಂದ ಹಿಂದೆ. ಆಟ ಮುಗಿಯಲು ಒಂದು ನಿಮಿಷವೂ ಉಳಿದಿಲ್ಲ. ನಾಲ್ಕನೆಯ ಯತ್ನ, ನಡುವೆ ಹಿಂದಕ್ಕೆ ಸರಿದದ್ದರಿಂದ ಬೇಕಾದದ್ದು 12 ಗಜ. ಲೂಯಿವಿಲ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ, ಲಾಮಾರ್ ಜಾಕ್ಸನ್ ಎಸೆದ ಚೆಂಡನ್ನು ಜೊತೆಯಾಟಗಾರ ಜೇಮ್ಸ್ ಕ್ವಿಕ್ ಹಿಡಿದ, ಓಡಿದ, ಅಂಚಿನ ಗೆರೆ ದಾಟಿ ಮೈದಾನದಿಂದ ಹೊರಗೆ ಹೋದ. ಅಳೆದರೆ 11 ಗಜ.

ಒಂದು ಗಜ ಎಂದರೆ ಮೂರು ಅಡಿ. ನಿಮ್ಮ ಲೇಖನದಲ್ಲಿ ಈ ಪಂದ್ಯಕ್ಕೆ ಸಿಕ್ಕಿರುವುದು ‘ಕ್ಲೆಮ್ಸನ್ ವಿರುದ್ಧ ವಿರೋಚಿತ ಸೋಲು’ ಎಂಬ ನಾಲ್ಕು ಪದ. (ವೀರೋಚಿತ. ದೀರ್ಘ ಹಾಕಿ.)

ಹೋಲಿಕೆಯ ಮಾತು. ಜಾಕ್ಸನ್‌ನನ್ನು ನೀವು ಒಂದು ಕಡೆ ‘ಅಮೆರಿಕದ ಕೊಹ್ಲಿ’ ಎಂದಿದ್ದೀರಿ, ಇನ್ನೊಂದು ಕಡೆ ‘ಕಾಲೇಜು ಮೈದಾನದ ಸಚಿನ್’. ಕ್ರಿಕೆಟ್ ಎಲ್ಲ ಬೀಗಕ್ಕೂ ಕೀಲಿಕೈ ಅಲ್ಲ. ಬ್ಯಾಟುಗಾರನ ಮೈಮೇಲೆ ಯಾರೂ ಬೀಳುವುದಿಲ್ಲ. ನಮ್ಮಲ್ಲಿ ಈ ಆಟಕ್ಕೆ ಹತ್ತಿರದ ನೆಂಟ ಇದ್ದರೆ ಅದು ಕಬಡ್ಡಿ. ಅಲ್ಲಿಯೂ ಇರುವುದು ನೆಲದ ಲೆಕ್ಕ, ಗೆರೆಯ ಲೆಕ್ಕ. ನಾಲ್ಕು ಜನ ಕಾಲು ಹಿಡಿದೆಳೆಯುತ್ತಿರುವಾಗ ನಡುಗೆರೆಗೆ ಬೆರಳು ಚಾಚಿ, ಒಂದು ಗೇಣು ಸಾಲದೆ ಮುಖ ಅಡಿಯಾದ ದಾಳಿಗಾರನನ್ನು ಮಂಡ್ಯದ ಓದುಗನೂ ನೋಡಿದ್ದಾನೆ, ಮೂಡುಬಿದಿರೆಯವನೂ ನೋಡಿದ್ದಾನೆ. ಕ್ವಿಕ್‌ನ ಆ 11 ಗಜ ಅವರಿಗೆ ತಟ್ಟನೆ ಅರ್ಥವಾಗುತ್ತದೆ.

ಇನ್ನು ವಿಶೇಷಣಗಳು. ಹ್ಯೂಸ್ಟನ್ ಪಂದ್ಯದಲ್ಲಿ ಎದುರಾಳಿಗಳು ಜಾಕ್ಸನ್‌ನನ್ನು 11 ಸಲ ಕೆಡವಿದರು. ಲೇಖನದಲ್ಲಿ ನೀವು ‘ಅಪ್ರತಿಮ’ ಎಂಬ ಪದವನ್ನು 11 ಸಲ ಬಳಸಿದ್ದೀರಿ, ನಾನು ಎಣಿಸಿದೆ. ಎರಡೂ ಅವನಿಗೆ ಒಳ್ಳೆಯದು ಮಾಡಲಿಲ್ಲ. ಅಪ್ರತಿಮ ಎಂದು ಹೇಳಬೇಡಿ, ಸಿರಾಕ್ಯೂಸ್‌ನ ಆ ರಕ್ಷಕನನ್ನು ತೋರಿಸಿ. ಅವನು ಹಿಡಿಯಲು ಬಾಗುತ್ತಾನೆ, ಜಾಕ್ಸನ್ ಓಡುತ್ತಿದ್ದ ವೇಗದಲ್ಲೇ ಅವನ ಮೇಲಿಂದ ಹಾರಿ, ನೆಲಕ್ಕೆ ಕಾಲು ಊರಿ, ಹಾಗೆಯೇ ಗೆರೆ ದಾಟುತ್ತಾನೆ. ಆ ಒಂದೇ ಪಂದ್ಯದಲ್ಲಿ ಎಸೆದದ್ದೂ ಓಡಿದ್ದೂ ಸೇರಿ 610 ಗಜ. ಅದಕ್ಕೂ ಎಂಟು ದಿನ ಮೊದಲು ಷಾರ್ಲಟ್ ವಿರುದ್ಧ ಮೊದಲರ್ಧದಲ್ಲೇ ಎಂಟು ಟಚ್‌ಡೌನ್, ಅಂದರೆ ಎಂಟು ಸಲ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿತು. ಆಗ ಅವನಿಗೆ 19 ವರ್ಷ. ಇಷ್ಟು ಬರೆದರೆ ‘ಅಪ್ರತಿಮ’ ಎಂಬುದನ್ನು ಓದುಗನೇ ಹೇಳಿಕೊಳ್ಳುತ್ತಾನೆ.

ಇಲ್ಲಿಯವರೆಗಿನದು ಬರವಣಿಗೆಯ ತಕರಾರು, ತಿದ್ದಿಕೊಳ್ಳಬಹುದು. ಮುಂದಿನದು ಹಾಗಲ್ಲ, ಲೇಖನದ ಬುಡಕ್ಕೇ ಬರುತ್ತದೆ.

ನೀವು ಕಟ್ಟಿದ ಕಥೆ ಹೀಗಿದೆ: ಒಬ್ಬ ವೀರ ಎದ್ದ, ಅವನಿಗೆ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿ ಬಂತು, ‘ಪ್ರಶಸ್ತಿಯ ಭಾರಕ್ಕೆ ಹೆಗಲು ಕುಸಿಯಿತು’, ತಂಡ ಸೋತಿತು. ಕೇಳಲು ಸೊಗಸಾಗಿದೆ. ಆದರೆ ದಿನಾಂಕಗಳು ನಿಮ್ಮ ಜೊತೆಗೆ ಬರುವುದಿಲ್ಲ. ಹ್ಯೂಸ್ಟನ್ ಎದುರು 10-36ರ ಸೋಲು ನವೆಂಬರ್ 17ರಂದು. ಕೆಂಟಕಿ ಎದುರು 38-41ರ ಸೋಲು ನವೆಂಬರ್ 26ರಂದು. ಹೈಸ್ಮನ್ ಘೋಷಣೆಯಾದದ್ದು ಡಿಸೆಂಬರ್ 10ರಂದು. ಅಂದರೆ ಎರಡು ಸೋಲುಗಳ ಮೇಲೆಯೇ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಇತಿಹಾಸದಲ್ಲೇ ಅತಿ ಕಿರಿಯ ವಿಜೇತ ಅವನು. ಪ್ರಶಸ್ತಿಯ ನಂತರ ಸೋತದ್ದು ಒಂದೇ ಪಂದ್ಯ, ಡಿಸೆಂಬರ್ 31ರ ಸಿಟ್ರಸ್ ಬೌಲ್ ಎಂಬ ಋತುವಿನ ಕೊನೆಯ ಆಹ್ವಾನ ಪಂದ್ಯ. ಮತದಾನದಲ್ಲಿ ಎರಡನೆಯವನಾದ ಡೆಶಾನ್ ವಾಟ್ಸನ್ ಯಾರು? ಆ ಒಂದು ಗಜದ ರಾತ್ರಿ ಗೆದ್ದ ಕ್ಲೆಮ್ಸನ್‌ನ ಕ್ವಾರ್ಟರ್‌ಬ್ಯಾಕ್. ಜನವರಿಯಲ್ಲಿ ರಾಷ್ಟ್ರೀಯ ಕಿರೀಟ ಗೆದ್ದವನೂ ಅವನೇ. ಪ್ರಶಸ್ತಿ ಒಬ್ಬನ ಮನೆಗೆ, ಕಿರೀಟ ಇನ್ನೊಬ್ಬನ ಮನೆಗೆ. ಇದನ್ನು ನೀವು ಹೇಳಿಯೇ ಇಲ್ಲ. ತಿಂಗಳುಗಳನ್ನು ಹಿಂದುಮುಂದು ಮಾಡಿ ನೀತಿಕಥೆ ಹೆಣೆಯುವ ಆತುರದಲ್ಲಿ ಅದಕ್ಕಿಂತ ಒಳ್ಳೆಯ ಕಥೆ ಕೈತಪ್ಪಿತು.

ಎರಡನೆಯದು, ಸೋಲು ನವೆಂಬರಿನಲ್ಲಿ ಆಕಾಶದಿಂದ ಬೀಳಲಿಲ್ಲ. ಸೆಪ್ಟೆಂಬರಿನಲ್ಲಿ, ಆಗ ಎರಡನೆಯ ಶ್ರೇಯಾಂಕದಲ್ಲಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು 63-20ರಿಂದ ಬಡಿದ ಇದೇ ಲೂಯಿವಿಲ್, ಅಕ್ಟೋಬರಿನಲ್ಲಿ ಡ್ಯೂಕ್ ಎದುರು ತಿಣುಕಿ 24-14ರಿಂದ ಗೆದ್ದಿತು. ಒಂದು ವಾರ ಬಿಟ್ಟು ಎನ್‌ಸಿ (ನಾರ್ತ್ ಕ್ಯಾರೊಲೈನಾ) ಸ್ಟೇಟ್ ಮೇಲೆ 54-13. ಅದರ ಮುಂದಿನ ವಾರ ವರ್ಜೀನಿಯಾ ಎದುರು ಕೊನೆಯ 13 ಸೆಕೆಂಡುಗಳು ಉಳಿದಿದ್ದಾಗ ಟಚ್‌ಡೌನ್ ಬಂದದ್ದರಿಂದ 32-25. ವೇಕ್ ಫಾರೆಸ್ಟ್ ಪಂದ್ಯದ ಅಂತಿಮ ಅಂಕ 44-12 ಎಂದು ಬರೆದು ನೀವು ‘ಲೀಲಾಜಾಲ ಗೆಲುವು’ ಎಂದಿರಿ. ಆಟದ ನಾಲ್ಕು ಕಾಲು ಭಾಗಗಳಲ್ಲಿ ಮೂರು ಮುಗಿದಾಗ ಲೂಯಿವಿಲ್ 10-12ರಿಂದ ಹಿಂದಿತ್ತು, ಸ್ವಾಮಿ. ಕೊನೆಯ ಕಾಲು ಭಾಗದಲ್ಲಿ ಬಂದದ್ದು 34 ಅಂಕ. ಒಂದು ವಾರ ಮುಂಗಾರು, ಒಂದು ವಾರ ಬರ. ಗೆದ್ದ ವಾರಗಳಲ್ಲೂ ಮಾಡು ಸೋರುತ್ತಿತ್ತು. ಅಂಕಪಟ್ಟಿ ಅದನ್ನು ಮುಚ್ಚಿಟ್ಟಿತು, ನೀವೂ ಮುಚ್ಚಿಟ್ಟಿರಿ.

ವೇಕ್ ಫಾರೆಸ್ಟ್ ಹೆಸರು ಬಂದದ್ದರಿಂದ ಇನ್ನೊಂದು ಕೇಳುತ್ತೇನೆ. ಆ ತಂಡದ ಆಟದ ತಂತ್ರಗಳನ್ನು ಅವರದೇ ರೇಡಿಯೋ ವಿವರಣಕಾರ, ಹಿಂದೆ ಅಲ್ಲಿಯೇ ಸಹಾಯಕ ತರಬೇತುದಾರನಾಗಿದ್ದವನು, ಎದುರಾಳಿಗಳಿಗೆ ರವಾನಿಸುತ್ತಿದ್ದ ಎಂದು ಡಿಸೆಂಬರಿನಲ್ಲಿ ಬಯಲಾಯಿತು. ಪಡೆದವರಲ್ಲಿ ಲೂಯಿವಿಲ್‌ನ ಆಕ್ರಮಣ ವಿಭಾಗದ ತರಬೇತುದಾರನೂ ಇದ್ದ. ಸಿಟ್ರಸ್ ಬೌಲ್‌ನಿಂದ ಅವನನ್ನು ಹೊರಗಿಟ್ಟರು, ವಿಶ್ವವಿದ್ಯಾಲಯಕ್ಕೆ 25 ಸಾವಿರ ಡಾಲರ್ ದಂಡ ಬಿತ್ತು. ನೀವು ಅಲ್ಲೇ ಓದಿದವರು, ಇದು ಗೊತ್ತಿರದೇ ಇರಲು ಸಾಧ್ಯವಿಲ್ಲ. ಓದಿದ ಸಂಸ್ಥೆಯ ಮೇಲಿನ ಮಮತೆ ನನಗೂ ಅರ್ಥವಾಗುತ್ತದೆ. ಆದರೆ ನಾಳೆ ಇದನ್ನು ಬಲ್ಲ ಒಬ್ಬ ಓದುಗ ಪತ್ರ ಬರೆದರೆ ಉತ್ತರ ಕೊಡಬೇಕಾದವನು ನಾನು. ಅದೂ ಅಲ್ಲದೆ, ಕದ್ದ ಗುಟ್ಟು ಕೈಯಲ್ಲಿದ್ದೂ ಮೂರು ಕಾಲು ಭಾಗದವರೆಗೆ ತಿಣುಕಿದರು ಎಂಬುದರಲ್ಲಿರುವ ತಮಾಷೆಯನ್ನು ಯಾವ ಬರಹಗಾರ ಬಿಟ್ಟುಕೊಡುತ್ತಾನೆ?

ಈಗ ಅಭಿಮನ್ಯು. ಕ್ರೀಡಾ ಬರಹಗಳಲ್ಲಿ ಅವನು ಸತ್ತಷ್ಟು ಸಲ ಕುರುಕ್ಷೇತ್ರದಲ್ಲಿ ಸತ್ತಿರಲಿಕ್ಕಿಲ್ಲ. ಆದರೂ ನಿಮ್ಮ ಶೀರ್ಷಿಕೆಯನ್ನು ಕೂಡಲೇ ಹೊಡೆದುಹಾಕಲಿಲ್ಲ. ಏಕೆಂದರೆ ಆ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಅಭಿಮನ್ಯು ವ್ಯೂಹದೊಳಗೆ ಒಂಟಿಯಾದದ್ದು ಅವನ ಹಿಂದೆ ಬರಬೇಕಿದ್ದ ಪಾಂಡವರನ್ನು ಸೈಂಧವ ಬಾಗಿಲಲ್ಲೇ ತಡೆದದ್ದರಿಂದ. ನೀವು ಅಭಿಮನ್ಯುವನ್ನು ಕರೆತಂದಿರಿ, ಸೈಂಧವನನ್ನು ಮರೆತಿರಿ.

ಕ್ವಾರ್ಟರ್‌ಬ್ಯಾಕ್‌ನ ಮುಂದೆ ಐದು ದೈತ್ಯರು ಸಾಲಾಗಿ ನಿಲ್ಲುತ್ತಾರೆ. ಅವರು ಚೆಂಡು ಹಿಡಿದು ಓಡುವುದಿಲ್ಲ, ಅಂಕ ಗಳಿಸುವುದಿಲ್ಲ, ಪೋಸ್ಟರಿನಲ್ಲಿ ಇರುವುದಿಲ್ಲ. ಹಿಂದಿರುವವನು ಚೆಂಡು ಎಸೆಯುವವರೆಗೆ ಎರಡು ಮೂರು ಸೆಕೆಂಡು ಗೋಡೆಯಾಗಿರುವುದು ಅವರ ಕೆಲಸ. ಹ್ಯೂಸ್ಟನ್‌ನಲ್ಲಿ ಆ ಗೋಡೆ ಕುಸಿಯಿತು. ಎದುರಾಳಿ ತಂಡದ ಎಡ್ ಆಲಿವರ್ ಎಂಬ ಮೊದಲ ವರ್ಷದ ಹುಡುಗ ಅದನ್ನು ಬಿದಿರಿನ ತಟ್ಟಿಯಂತೆ ತಳ್ಳಿ ಒಳಗೆ ಬಂದ. ಶನಿವಾರ ಆಡಿದ ತಂಡ ಗುರುವಾರವೇ ಮತ್ತೆ ಆಡಬೇಕಿತ್ತು. ಮೊದಲ ಒದೆತದ ಚೆಂಡನ್ನೇ ಲೂಯಿವಿಲ್ ಕೈಬಿಟ್ಟಿತು. ಅರ್ಧ ಆಟಕ್ಕೆ 0-31. ಆ ದಿನ ಆ ಐವರ ಪೈಕಿ ಒಬ್ಬನ ಹೆಸರಾದರೂ ನಿಮ್ಮ ಲೇಖನದಲ್ಲಿದೆಯೇ? ಸಿಟ್ರಸ್ ಬೌಲ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಎದುರು 9-29. ಜಾಕ್ಸನ್ ಬಿದ್ದದ್ದು ಎಂಟು ಸಲ. ಆ ಋತುವಿನಲ್ಲಿ 30 ಟಚ್‌ಡೌನ್‌ಗಳನ್ನು ಎಸೆದು, 21ನ್ನು ಓಡಿ ಗಳಿಸಿದವನ ತಂಡಕ್ಕೆ ಆ ದಿನ ಒಂದೂ ಇಲ್ಲ. 9 ಗೆಲುವು, 4 ಸೋಲು ಎಂಬ ಲೆಕ್ಕದಲ್ಲಿ ಋತು ಮುಗಿಯಿತು. ಗೋಡೆಯವರನ್ನು ಬಿಟ್ಟು ಈ ಋತುವಿನ ಕಥೆ ಬರೆಯುವುದು ಅಡಿಗೆಯವರನ್ನು ಬಿಟ್ಟು ಮದುವೆಯೂಟದ ವರದಿ ಬರೆದಂತೆ.

ಎಲ್ಲ ತಪ್ಪನ್ನೂ ಗೋಡೆಯ ಮೇಲೆ ಹೊರಿಸಿ ಎಂದೂ ಹೇಳುತ್ತಿಲ್ಲ. ಕೆಂಟಕಿ ಪಂದ್ಯದಲ್ಲಿ ಅವನು ನಾಲ್ಕು ಟಚ್‌ಡೌನ್ ಗಳಿಸಿಕೊಟ್ಟ, ನಾಲ್ಕು ಸಲ ಚೆಂಡನ್ನೂ ಎದುರಾಳಿಗೆ ಕೊಟ್ಟ. 38-38 ಇದ್ದಾಗ, ಎದುರಾಳಿಯ ಗೆರೆಯ ಹತ್ತಿರವೇ, ಎರಡು ನಿಮಿಷವೂ ಉಳಿದಿಲ್ಲದ ಹೊತ್ತಿನಲ್ಲಿ ಚೆಂಡು ಜಾರಿದ್ದು ಅವನ ಕೈಯಿಂದಲೇ. ಹಾರಿದ ಹುಡುಗನೂ ಜಾರಿಸಿದ ಹುಡುಗನೂ ಒಬ್ಬನೇ. ನೀವು ‘ದುರದೃಷ್ಟವಶಾತ್’ ಎಂದು ಬರೆದು ಅವನನ್ನು ಕಾಪಾಡಲು ಹೋಗಿದ್ದೀರಿ. ಅವನಿಗೆ ನಿಮ್ಮ ರಕ್ಷಣೆ ಬೇಕಿಲ್ಲ. ಆಮೇಲೆ ಅವನು ವೃತ್ತಿಪರ ಲೀಗಿನಲ್ಲಿ ಏನೇನು ಗೆದ್ದ ಎಂಬ ಕೊನೆಯ ಎರಡು ಪುಟಗಳೂ ಬೇಕಿಲ್ಲ.

ಈಗ ಆ ಹದಿನಾಲ್ಕನೆಯ ಪುಟ. ಕೆಂಟಕಿಯ ಒದೆಗಾರ 47 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು, ಅದಕ್ಕೆ ಮೂರು ಅಂಕ. ನೀವು ವಿದ್ಯಾರ್ಥಿಯಾಗಿ ಮೇಲಿನ ಸಾಲಿನಲ್ಲಿ ಕುಳಿತಿದ್ದಿರಿ. ನೀವು ಬರೆದದ್ದು: ‘ಗಡಿಯಾರದಲ್ಲಿ ಇನ್ನೂ ಹನ್ನೆರಡು ಸೆಕೆಂಡು ಇತ್ತು, ಆದರೆ ಪಕ್ಕದ ಮುದುಕ ಕಾಲ ಮೇಲಿದ್ದ ಕೆಂಪು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡ.’

ಇದರಲ್ಲಿ ಅಪ್ರತಿಮ ಇಲ್ಲ, ಚಕ್ರವ್ಯೂಹ ಇಲ್ಲ, ಕೊಹ್ಲಿ ಇಲ್ಲ. ಇದನ್ನು ಮೊದಲ ಪುಟಕ್ಕೆ ತನ್ನಿ. ಅಲ್ಲಿಂದ ಹಿಂದಕ್ಕೆ ಹೋಗಿ: ಹ್ಯೂಸ್ಟನ್‌ನ ಗೋಡೆ, ಡ್ಯೂಕ್, ಆ ಒಂದು ಗಜ, ಸಿರಾಕ್ಯೂಸ್‌ನ ಜಿಗಿತ. ಎಂಟು ಪುಟ ಮೀರಬೇಡಿ. ಮುಂದಿನ ತಿಂಗಳ ಹತ್ತರೊಳಗೆ ಬಂದರೆ ನಾನೇ ಕುಳಿತು ನೋಡುತ್ತೇನೆ.

ಒಂದು ವಿವರ ಮಾತ್ರ ನನಗೆ ತಿಳಿಯಲೇಬೇಕು, ಲೇಖನದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಕಂಬಳಿ ಮಡಚಿದ ಮೇಲೆ ಆ ಮುದುಕ ಎದ್ದು ಹೋದನೇ, ಅಥವಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹನ್ನೆರಡು ಸೆಕೆಂಡು ಮುಗಿಯುವವರೆಗೆ ಕುಳಿತೇ ಇದ್ದನೇ?

ಇಂತಿ,
ಸಂಪಾದಕ