ಫ್ರಿಜ್ಜು ಇದ್ದವರು ಬಡವರಲ್ವಾ?

ಪ್ರಶ್ನೆ: ನಮ್ಮ ಯಜಮಾನರು ಒಂದು ಫ್ಯಾಕ್ಟರಿಯಲ್ಲಿ ಸೆಕ್ಯುರಿಟಿ. ತಿಂಗಳಿಗೆ 14 ಸಾವಿರ ಸಂಬಳ. ನಾನು ಮನೆಯಲ್ಲೇ ಸೀರೆಗೆ ಫಾಲ್, ಕುಚ್ಚು ಹಾಕುತ್ತೇನೆ. ಬಾಡಿಗೆ ಮನೆ, ಇಬ್ಬರು ಮಕ್ಕಳು, ಬಿಪಿಎಲ್ ಕಾರ್ಡ್ ಇದೆ. ಹಬ್ಬಕ್ಕೆ ಬಂದ ನಾದಿನಿ, ‘ಫ್ರಿಜ್ಜು ಇಟ್ಕೊಂಡು ಬಡವರ ಅಕ್ಕಿ ತಿಂತೀರಲ್ಲ’ ಅಂದಳು. ಈಗ ರೇಷನ್ ಕ್ಯೂನಲ್ಲಿ ನಿಲ್ಲಲು ನಾಚಿಕೆ. ಕಾರ್ಡ್ ವಾಪಸ್ ಕೊಡಬೇಕಾ?
– ಹೆಸರು ಬೇಡ, ತುಮಕೂರು

ಉತ್ತರ: ತಾಯಿ, ಫ್ರಿಜ್ಜಿನ ಮಾತು ಬಿಡಿ. ನಾನು ಆಹಾರ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ವೈಟ್ ಬೋರ್ಡ್ ಕಾರು ಇದ್ದರೆ ಬಿಪಿಎಲ್ ಇಲ್ಲ ಅನ್ನುವ ನಿಯಮವಿದೆ, ಫ್ರಿಜ್ಜಿಗೆ ಅಂಥದ್ದಿಲ್ಲ. ಕಾರನ್ನು ಓಣಿ ಮೂಲೆಯಲ್ಲಿ ನಿಲ್ಲಿಸಿ, ಚೀಲ ಹಿಡಿದು ನಡೆದು ಬರುತ್ತಿದ್ದವರನ್ನು ನೋಡಿದ್ದೇನೆ. ಅವರಿಗೆ ನಾಚಿಕೆ ಇರಲಿಲ್ಲ.

ನಿಮ್ಮ ತೊಡಕು ಸಂಬಳದ್ದು. ಬಿಪಿಎಲ್‌ಗೆ ಇಟ್ಟಿರುವ ಮಿತಿ ಇಡೀ ಕುಟುಂಬಕ್ಕೆ ವರ್ಷಕ್ಕೆ 1.20 ಲಕ್ಷ, ಅಂದರೆ ತಿಂಗಳಿಗೆ 10 ಸಾವಿರ. ಯಜಮಾನರ ಸಂಬಳವೇ ವರ್ಷಕ್ಕೆ 1.68 ಲಕ್ಷ. ಹಾಗಾಗಿ ನಿಯಮದ ಪ್ರಕಾರ ನೀವು ಮಿತಿ ದಾಟಿದ್ದೀರಿ, ಇದನ್ನು ಮುಚ್ಚಿಟ್ಟು ಉತ್ತರ ಬರೆಯಲಾರೆ. ಆದರೆ ಈ ಮಿತಿಯನ್ನೂ ನೋಡಿ. ರಾಜ್ಯದಲ್ಲಿ ಹೆಚ್ಚಿನ ಕೆಲಸಗಳಿಗೆ ಸರ್ಕಾರ ತಾನೇ ಗೊತ್ತುಮಾಡಿದ ಕನಿಷ್ಠ ವೇತನ ತಿಂಗಳಿಗೆ 10 ಸಾವಿರ ದಾಟಿದೆ. ಕಾನೂನು ಪ್ರಕಾರ ಕೂಲಿ ಸಿಕ್ಕವನು ಬಡವನಲ್ಲ, ಧಣಿ ಕಡಿಮೆ ಕೊಟ್ಟರೆ ಮಾತ್ರ ಬಡವ! ಇದನ್ನು ಬರೆದವರು ಬಾಡಿಗೆ ಮನೆಯಲ್ಲಿ ಇದ್ದವರಲ್ಲ ಅನ್ನಿಸುತ್ತದೆ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದತಿ ಗಲಾಟೆಯಾದಾಗ ಸರ್ಕಾರವೇ ಹಿಂದೆ ಸರಿದು, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರ ಕಾರ್ಡ್ ಮಾತ್ರ ತೆಗೆಯುತ್ತೇವೆ ಎಂದಿತು.

ನಾದಿನಿಗೆ ಕಂಡದ್ದು ಅಕ್ಕಿ. ಜನ ಈ ಕಾರ್ಡನ್ನು ಹಿಡಿದುಕೊಂಡಿರುವುದು ಜಾಸ್ತಿ ಆಸ್ಪತ್ರೆಗಾಗಿ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದೊಳಗೆ. ಯಜಮಾನರಿಗೆ ಎದೆನೋವು ಬಂತು ಅಂದುಕೊಳ್ಳಿ, ಉಳಿದ ಶೇ 70ಕ್ಕೆ ಯಾರ ಹತ್ತಿರ ಕೈ ಚಾಚುತ್ತೀರಿ?

ಅದಕ್ಕೇ, ನಾಳೆನೇ ಓಡಿಹೋಗಿ ಕಾರ್ಡ್ ಕೊಡಬೇಡಿ. ಮೊದಲು ಅವರ ಸಂಬಳದ ಚೀಟಿ ನೋಡಿ. 21 ಸಾವಿರದವರೆಗಿನ ಸಂಬಳಕ್ಕೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಇದೆ, ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಸಂಬಳದಲ್ಲಿ ಶೇ 0.75 ಹಿಡಿದಿದ್ದರೆ ಅವರಿಗೊಂದು ಇಎಸ್‌ಐ ನಂಬರ್ ಇರಲೇಬೇಕು. ನಿಮ್ಮ ಮತ್ತು ಮಕ್ಕಳ ಹೆಸರು ಅದರಲ್ಲಿ ಸೇರಿದೆಯಾ ನೋಡಿ. ಅದು ಗಟ್ಟಿಯಾದ ಮೇಲೆ ಎಪಿಎಲ್‌ಗೆ ಬದಲಾಯಿಸಿಕೊಳ್ಳಿ. ಅಕ್ಕಿ ಹೋಗುತ್ತದೆ, ಆದರೆ ಗೃಹಲಕ್ಷ್ಮಿಯ 2,000 ರೂಪಾಯಿಗೆ ಬಿಪಿಎಲ್ಲೇ ಬೇಕೆಂದಿಲ್ಲ. ಅಷ್ಟರಲ್ಲಿ ಯಾರಾದರೂ ಪರಿಶೀಲನೆಗೆ ಬಂದರೆ ಸಂಬಳ ಇದ್ದ ಹಾಗೇ ಹೇಳಿ.

ಸೆಕ್ಯುರಿಟಿ ಕೆಲಸದಲ್ಲಿ ಏಜೆನ್ಸಿಗಳು ದುಡ್ಡು ಹಿಡಿದು ಕಟ್ಟದೇ ಇರುವುದೂ ಉಂಟು. ಹಾಗಾಗಿದ್ದರೆ ಇಎಸ್‌ಐ ಶಾಖಾ ಕಚೇರಿಗೆ ಬರೆದುಕೊಡಿ. ಏಜೆನ್ಸಿ ಕಟ್ಟದಿದ್ದರೆ ಆ ಹೊಣೆ ಫ್ಯಾಕ್ಟರಿಯವರ ಮೇಲೂ ಬರುತ್ತದೆ.