ಭಾವನಿಗೆ ಕಾದಂಬರಿ ಕಳುಹಿಸುವ ಮುನ್ನ

ಟೆಕ್ಸಾಸ್‌ನಲ್ಲಿರುವ ನಿಮ್ಮ ಭಾವ ಮನೆಯಲ್ಲಿ ಪಿಸ್ತೂಲು ತಂದಿಟ್ಟುಕೊಂಡಿದ್ದಾರೆ, ಬಂದೂಕು ನಿಯಂತ್ರಣದ ಮಾತೆತ್ತಿದರೆ ಸಿಡುಕುತ್ತಾರೆ, ಒಂದು ಒಳ್ಳೆಯ ಕಾದಂಬರಿ ಓದಿಸಿದರೆ ಮನಸ್ಸು ಬದಲಾದೀತೇ ಎಂದು ಕೇಳಿದ್ದೀರಿ. ಕಥೆ ಓದಿ ಮನಸ್ಸು ಬದಲಾಗುವುದು ನಿಜ. ನನ್ನದೇ ಬದಲಾಗಿದೆ. ಆದರೆ ನೀವು ಬಯಸಿದ ದಿಕ್ಕಿಗೇ ತಿರುಗುತ್ತದೆ ಎಂದು ನಂಬಿ ಅಂಚೆ ವೆಚ್ಚ ಮಾಡಬೇಡಿ.

ನಾನು ಗೌರಿಬಿದನೂರಿನಲ್ಲಿ ಪಾಠ ಹೇಳುವವನು. ನಮ್ಮ ಕಡೆ ಬಂದೂಕು ಅಪರೂಪದ ವಸ್ತು. ದೊಡ್ಡಪ್ಪನ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯದೊಂದಿತ್ತು. ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳನ್ನು ಬೆದರಿಸಲು ಆಕಾಶಕ್ಕೆ ಹೊಡೆಯುತ್ತಿದ್ದರು. ಚುನಾವಣೆ ಘೋಷಣೆಯಾದರೆ ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀದಿ ಪಡೆದು ಬರುತ್ತಿದ್ದರು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳುವುದು ಸರ್ಕಾರ ಕೊಡುವ ಅನುಮತಿಯೇ ಹೊರತು ಹುಟ್ಟಿನಿಂದ ಬಂದ ಹಕ್ಕಲ್ಲ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದಾಗ ನಮ್ಮ ತಾಲ್ಲೂಕಿನಲ್ಲಿ ಯಾರೂ ತುಟಿ ಬಿಚ್ಚಿದ್ದು ನನ್ನ ಕಿವಿಗೆ ಬೀಳಲಿಲ್ಲ. ಹೀಗೆ ಬೆಳೆದವನಿಗೆ ಅಮೆರಿಕದ ಜಗಳ ಅರ್ಥವಾಗುವುದು ಕಷ್ಟ. ಅಲ್ಲಿ ಶಸ್ತ್ರ ಇಟ್ಟುಕೊಳ್ಳುವ ಹಕ್ಕಿನ ಬಗ್ಗೆ 1791ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿ ಇದೆ. ಅದು ವ್ಯಕ್ತಿಗತ ಹಕ್ಕು ಎಂದು ಅವರ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ನನ್ನ ಮಟ್ಟಿಗೆ ಬಂದೂಕು ನಿಯಂತ್ರಣವೆಂದರೆ ರೌಡಿಗಳ ಕೈಗೆ ಅದು ಸಿಗದಂತೆ ನೋಡಿಕೊಳ್ಳುವುದು, ಅಷ್ಟೇ ಆಗಿತ್ತು.

ಕನ್ನಡದ ಓದು ಈ ವಿಷಯದಲ್ಲಿ ನನ್ನನ್ನು ಅಲುಗಿಸಿರಲಿಲ್ಲ. ನನ್ನ ತಲೆಮಾರಿನವರು ಪುಸ್ತಕದಲ್ಲಿ ಬಂದೂಕು ಕಂಡದ್ದು ಹೆಚ್ಚಾಗಿ ಕಾಡಿನಲ್ಲಿ, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಶಿಕಾರಿ ಅನುಭವಗಳಂಥವುಗಳಲ್ಲಿ. ಅಲ್ಲಿ ಅದು ತಿಳಿದವನ ಕೈಯಲ್ಲಿರುತ್ತದೆ, ನರಭಕ್ಷಕ ಸಾಯುತ್ತದೆ, ಊರು ನಿಟ್ಟುಸಿರು ಬಿಡುತ್ತದೆ. ಓದುವ ಹುಡುಗನಿಗೆ ಬಂದೂಕಿನ ಮೇಲೆ ಪ್ರೀತಿ ಹುಟ್ಟದೆ ಇನ್ನೇನು ಹುಟ್ಟೀತು?

ಬದಲಾದದ್ದು ಹಳೆಯ ಮಾಸಪತ್ರಿಕೆಯೊಂದರಲ್ಲಿ ಓದಿದ ಅನುವಾದಿತ ಕಥೆಯಿಂದ. ಅಮೆರಿಕದ ಸಣ್ಣ ಪಟ್ಟಣ, ಹೆಂಡತಿ ತೀರಿಕೊಂಡ ಮುದುಕ, ಬೀರುವಿನಲ್ಲಿ ಬಂದೂಕು. ದೂರದ ಊರಿನಿಂದ ಮಗಳು ಬರುತ್ತಾಳೆ. ಅಡುಗೆ ಮಾಡುತ್ತಾಳೆ, ಬಟ್ಟೆ ಮಡಚಿಡುತ್ತಾಳೆ, ಅಪ್ಪ ಮಲಗಿದ ಮೇಲೆ ತೋಟಾಗಳ ಪೆಟ್ಟಿಗೆಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬರುತ್ತಾಳೆ. ಬೆಳಿಗ್ಗೆ ಅಪ್ಪನಿಗೆ ಅದು ಗೊತ್ತಾಗುತ್ತದೆ. ಬೈಯುತ್ತಾನೆ, ಆಮೇಲೆ ಕಾಫಿ ಕೇಳುತ್ತಾನೆ. ಇಡೀ ಕಥೆಯಲ್ಲಿ ಒಂದು ಗುಂಡೂ ಹಾರುವುದಿಲ್ಲ, ಕಾನೂನಿನ ಸುದ್ದಿಯೇ ಇಲ್ಲ. ಓದಿ ಮುಗಿಸಿದಾಗ ನನ್ನ ತಲೆಯಲ್ಲಿದ್ದ ರೌಡಿಯ ಜಾಗದಲ್ಲಿ ಆ ಮುದುಕ ಬಂದು ಕುಳಿತಿದ್ದ.

ಆಮೇಲೆ ಅಂಕಿಸಂಖ್ಯೆ ಹುಡುಕಿದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಅರ್ಧಕ್ಕಿಂತ ಹೆಚ್ಚು. ಇದು ನಮ್ಮ ಜಿಲ್ಲೆಯವನಿಗೆ ತಟ್ಟನೆ ಅರ್ಥವಾಗುವ ಸಂಗತಿ, ಏಕೆಂದರೆ ಇಲ್ಲಿ ಆ ಬೀರುವಿನ ಜಾಗದಲ್ಲಿ ಕೀಟನಾಶಕದ ಡಬ್ಬಿ ಇರುತ್ತದೆ. ಶ್ರೀಲಂಕಾ 1980ರ ದಶಕದಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂತು. 1995ರಿಂದ 2015ರೊಳಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಸಾಯಬೇಕೆನ್ನುವವರು ಹೇಗಾದರೂ ಸಾಯುತ್ತಾರೆ ಎಂಬ ಮಾತು ಸುಳ್ಳು. ಆ ಗಳಿಗೆ ಬಹುಪಾಲು ಜನರ ಪಾಲಿಗೆ ಹಾದುಹೋಗುತ್ತದೆ. ಆಗ ಕೈಗೆ ಏನು ಸಿಗುತ್ತದೆ ಎಂಬುದು ಮುಖ್ಯವಾಗುತ್ತದೆ. ಬೀಗ, ಖರೀದಿಗೆ ಮುನ್ನ ಕೆಲವು ದಿನ ಕಾಯಿಸುವ ನಿಯಮ, ಮನೆಯವರ ದೂರಿನ ಮೇಲೆ ತಾತ್ಕಾಲಿಕವಾಗಿ ಬಂದೂಕು ತೆಗೆದಿಡುವ ಆದೇಶ, ಇವೆಲ್ಲ ಏಕೆ ಬೇಕೆಂದು ನನಗೆ ಮನವರಿಕೆಯಾದದ್ದು ಹೀಗೆ. ಕಥೆ ಬಾಗಿಲು ತೆರೆಯಿತು, ಒಳಗೆ ಕರೆದೊಯ್ದದ್ದು ಲೆಕ್ಕ.

ಲೆಕ್ಕ ನೋಡದೆ ಕಥೆಯ ಹಿಂದೆಯೇ ಹೋದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. ಮೆಲನಿ ಗ್ರೀನ್ ಮತ್ತು ತಿಮೊತಿ ಬ್ರಾಕ್ ಎಂಬ ಮನೋವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದುಗರಿಗೆ ಒಂದು ಕಥೆ ಕೊಟ್ಟಿದ್ದರು: ಮಾಲ್ ಒಂದರಲ್ಲಿ ಪುಟ್ಟ ಹುಡುಗಿಯನ್ನು ಮಾನಸಿಕ ರೋಗಿಯೊಬ್ಬ ಇರಿದು ಕೊಲ್ಲುತ್ತಾನೆ. ಕಥೆಯೊಳಗೆ ಹೆಚ್ಚು ಮುಳುಗಿದವರು, ಮಾನಸಿಕ ರೋಗಿಗಳ ಓಡಾಟಕ್ಕೆ ಕಡಿವಾಣ ಬೇಕು ಎಂಬ ಕಡೆಗೆ ಹೆಚ್ಚು ವಾಲಿದ್ದರು. ಇದು ನಡೆದದ್ದು ಎಂದು ಹೇಳಿ ಕೊಟ್ಟರೂ, ಕಟ್ಟುಕಥೆ ಎಂದು ಹೇಳಿ ಕೊಟ್ಟರೂ ಪರಿಣಾಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ವಾಸ್ತವದಲ್ಲಿ ಮಾನಸಿಕ ಕಾಯಿಲೆ ಇರುವವರಲ್ಲಿ ಬಹುತೇಕರು ಯಾರ ಮೇಲೂ ಕೈ ಎತ್ತಿದವರಲ್ಲ. ಓದುಗರು ಮರುಗಿದರು, ಮರುಗಿ ತಪ್ಪು ತೀರ್ಮಾನಕ್ಕೆ ಬಂದರು. ಸಾಹಿತ್ಯ ಓದಿದವರೆಲ್ಲ ಉದಾರಿಗಳಾಗುತ್ತಾರೆ ಎಂದು ವೇದಿಕೆಯ ಮೇಲೆ ಹೇಳುವ ನಮ್ಮವರು ಇದನ್ನು ಒಮ್ಮೆ ಗಮನಿಸಬೇಕು.

ನಿಮ್ಮ ಭಾವನ ವಿಷಯಕ್ಕೆ ನೇರವಾಗಿ ತಾಗುವುದು ಇನ್ನೊಂದು ಅಧ್ಯಯನ. ಪ್ರೆಂಟಿಸ್, ಗೆರಿಗ್ ಮತ್ತು ಬೇಲಿಸ್ 1997ರಲ್ಲಿ ತೋರಿಸಿದ್ದೇನೆಂದರೆ, ವಿದ್ಯಾರ್ಥಿಗಳು ತಮ್ಮದಲ್ಲದ ವಿಶ್ವವಿದ್ಯಾಲಯದಲ್ಲಿ ನಡೆಯುವ ಕಥೆ ಓದಿದಾಗ ಅದರಲ್ಲಿದ್ದ ಹುಸಿ ಮಾತುಗಳನ್ನು ಸುಲಭವಾಗಿ ಒಪ್ಪಿಕೊಂಡರು. ತಮ್ಮದೇ ವಿಶ್ವವಿದ್ಯಾಲಯದ ಕಥೆಯಾದಾಗ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಗೊತ್ತಿಲ್ಲದ ಊರಿನ ಬಗ್ಗೆ ಕಥೆ ಹೇಳಿದ್ದೇ ಸತ್ಯ. ಗೌರಿಬಿದನೂರಿನಲ್ಲಿ ಕುಳಿತ ನನ್ನನ್ನು ಅಮೆರಿಕದ ಮುದುಕನೊಬ್ಬ ಅಷ್ಟು ಬೇಗ ಒಲಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಭಾವ ಅಲ್ಲೇ ಇರುವವರು. ಅಕ್ಕಪಕ್ಕದವರ ಬಳಿ ಬಂದೂಕಿದೆ, ಗುರಿಯ ಅಭ್ಯಾಸಕ್ಕೆ ಹೋಗಿ ಬರುತ್ತಿರಲೂಬಹುದು. ಪುಟಪುಟಕ್ಕೂ ಅವರ ಅನುಭವ ಎದುರು ನಿಂತು ವಾದಿಸುತ್ತದೆ. 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡೇಟಿಗೆ 20 ಮಕ್ಕಳೂ 6 ಸಿಬ್ಬಂದಿಯೂ ಹತರಾದರು. ಮರುವರ್ಷ ಏಪ್ರಿಲ್‌ನಲ್ಲಿ, ಖರೀದಿದಾರರ ಹಿನ್ನೆಲೆ ಪರಿಶೀಲನೆಯನ್ನು ವಿಸ್ತರಿಸುವ ಪ್ರಸ್ತಾಪ ಅವರ ಸೆನೆಟ್‌ನಲ್ಲಿ ಬಿದ್ದುಹೋಯಿತು. ನಿಜವಾದ ಸಾವುಗಳ ಮುಂದೆಯೂ ಕದಲದ ಕಡೆ ಕಾದಂಬರಿಯ ಮೇಲೆ ಅಷ್ಟೊಂದು ಭಾರ ಹೇರುವುದು ನ್ಯಾಯವಲ್ಲ.

ಕಥೆ ಎದುರು ದಿಕ್ಕಿಗೂ ಒಯ್ಯಬಲ್ಲದು. ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಕ್ಕಳನ್ನು ಸ್ಮಾರಕಕ್ಕೆ ಕರೆದುಕೊಂಡು ಹೋದಾಗ ಆ ದಿನವನ್ನು ಕಥೆಯಾಗಿ ಹೇಳುತ್ತೇನೆ. ಒಮ್ಮೆ ಒಬ್ಬ ಹುಡುಗ, “ಜನರ ಕೈಯಲ್ಲೂ ಬಂದೂಕು ಇದ್ದಿದ್ದರೆ ಸಾರ್?” ಎಂದ. ಅಮೆರಿಕದ ಬಂದೂಕುಪ್ರಿಯರ ಹಳೆಯ ವಾದ ಅವನಿಗೆ ತಾನಾಗಿಯೇ ಹೊಳೆದಿತ್ತು, ನನ್ನ ಕಥೆಯಿಂದಲೇ. ಗುಂಡಿನ ಕಾಳಗ ನಡೆದಿದ್ದರೆ ಸರ್ಕಾರಕ್ಕೆ ದಂಗೆಯೆಂದು ಕರೆಯಲು ಅನುಕೂಲವಾಗುತ್ತಿತ್ತು ಎಂದೆ. ಗೋಲಿಬಾರಿನ ಬೆನ್ನಲ್ಲೇ ಸರ್ದಾರ್ ಪಟೇಲ್ ಮತ್ತು ಕೃಪಲಾನಿ ಮೈಸೂರು ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್‌ರೊಂದಿಗೆ ಮಾತನಾಡಿದ್ದು, ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿದ್ದು, ಎಲ್ಲವನ್ನೂ ಹೇಳಿದೆ. ಹುಡುಗ ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ. ಅವನದು ದಡ್ಡ ಪ್ರಶ್ನೆಯೂ ಅಲ್ಲ.

ಬರೆಯುವವರಿಗೆ ಈ ಅಳುಕು ಇದ್ದೇ ಇದೆ. ಶಾಲೆಯಲ್ಲಿ ಬಂದೂಕು ಹಿಡಿದ ವಿದ್ಯಾರ್ಥಿಯ ಬಗ್ಗೆ ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್ ಬೇರೆ ಹೆಸರಿನಲ್ಲಿ ಬರೆದಿದ್ದ ಕಾದಂಬರಿ 1977ರಲ್ಲಿ ಬಂದಿತ್ತು. 1997ರಲ್ಲಿ ಕೆಂಟಕಿಯ ಶಾಲೆಯೊಂದರಲ್ಲಿ ಗುಂಡು ಹಾರಿಸಿದ ಹುಡುಗನ ಬಳಿ ಅದರ ಪ್ರತಿಯಿತ್ತು ಎಂದು ತಿಳಿದ ಮೇಲೆ ಕಿಂಗ್ ಅದರ ಮರುಮುದ್ರಣವನ್ನೇ ನಿಲ್ಲಿಸಿದರು. ಅವರು ಸ್ವತಃ ಬಂದೂಕು ಇಟ್ಟುಕೊಂಡವರು, ಕಠಿಣ ಕಾನೂನು ಬೇಕೆಂದು 2013ರಲ್ಲಿ ಪ್ರಬಂಧ ಬರೆದವರು. ನಿಮ್ಮ ಭಾವ ಯಾರ ಮಾತಿಗಾದರೂ ಕಿವಿಗೊಟ್ಟಾರೆಂದರೆ ಅದು ಇಂಥವರ ಮಾತಿಗೆ. ನಾನಾದರೆ ಕಾದಂಬರಿಯ ಬದಲು ಆ ಪ್ರಬಂಧ ಕಳುಹಿಸುತ್ತಿದ್ದೆ.

ಕಾದಂಬರಿಯೇ ಆಗಬೇಕೆಂದಿದ್ದರೆ, ಚೆನ್ನಾಗಿದೆ ಎಂಬ ಕಾರಣಕ್ಕೆ ಮಾತ್ರ ಕೊಡಿ. ಬುದ್ಧಿ ಹೇಳಲು ಕೊಟ್ಟ ಪುಸ್ತಕದ ವಾಸನೆ ಮೊದಲ ಪುಟದಲ್ಲೇ ಬರುತ್ತದೆ. ಅದಕ್ಕೂ ಮೊದಲು ನಿಮ್ಮ ಅಕ್ಕನಿಗೆ ಫೋನ್ ಮಾಡಿ ಪಿಸ್ತೂಲು ಎಲ್ಲಿಟ್ಟಿದ್ದಾರೆ, ಬೀಗ ಇದೆಯೇ, ತೋಟಾ ಬೇರೆ ಕಡೆ ಇದೆಯೇ, ಮಕ್ಕಳಿಗೆ ಬೀಗದ ಸಂಖ್ಯೆ ಗೊತ್ತಿದೆಯೇ ಎಂದು ಕೇಳಿ. ಇದಕ್ಕೆ ಭಾವನ ಅಭಿಪ್ರಾಯ ಬದಲಾಗಬೇಕಾಗಿಲ್ಲ.