ಅಂಕ ಕೊಟ್ಟು ಜೋಡಿಸಿದ ಹಾಡುಗಳು

ಪ್ರಿಯರೇ,

ಇಂಗ್ಲೆಂಡಿನ ರಾಕ್ ಸಂಗೀತ ತಂಡ ಬೀಟಲ್ಸ್‌ನ 1968ರ ಜೋಡಿ ರೆಕಾರ್ಡನ್ನು, ಬಿಳಿ ಹೊದಿಕೆಯಿಂದಾಗಿ ‘ವೈಟ್ ಆಲ್ಬಮ್’ ಎಂದೇ ಹೆಸರಾದ 30 ಹಾಡುಗಳ ಆ ಸಂಕಲನವನ್ನು, 14 ಹಾಡುಗಳ ಒಂದೇ ರೆಕಾರ್ಡಿಗೆ ಇಳಿಸಿ ನೀವು ಬರೆದ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ವಿಷಯ ನಮ್ಮ ಕಲಬುರಗಿಯ ಓದುಗರಿಗೆ ಹೊಸದು. ಆದರೂ ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

‘ನಾಲ್ವರು ಗೆಳೆಯರು ಸೂಪರ್ ಮಾರ್ಕೆಟ್ ಹತ್ತಿರದ ಕೋಣೆಯಲ್ಲಿ ಕುಳಿತು ಪ್ರತಿ ಹಾಡಿಗೂ ಹತ್ತಕ್ಕೆ ಅಂಕ ಕೊಟ್ಟೆವು, ಹೆಚ್ಚು ಅಂಕ ಬಂದವನ್ನು ಉಳಿಸಿಕೊಂಡೆವು’ ಎಂದು ಬರೆದಿದ್ದೀರಿ. ನನಗೆ ಕಿರಿಕಿರಿಯಾದದ್ದು ಇಲ್ಲಿಯೇ. ಕತ್ತರಿ ಹಿಡಿದದ್ದಕ್ಕೆ ತಕರಾರಿಲ್ಲ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೇ ಇದು ಒಂದೇ ರೆಕಾರ್ಡಾಗಬೇಕಿತ್ತು ಎಂಬ ಅಭಿಪ್ರಾಯದವರಾಗಿದ್ದರು. ಆದರೆ ಅದೇ ಮಾರ್ಟಿನ್, ತಂಡದ ಹಾಡುಗಾರರಾದ ಲೆನನ್ ಮತ್ತು ಮೆಕಾರ್ಟ್ನಿ ಜೊತೆ ಅಕ್ಟೋಬರ್ 1968ರಲ್ಲಿ ಅಹೋರಾತ್ರಿ ಕುಳಿತು ಹಾಡುಗಳ ಕ್ರಮವನ್ನು ನಿಶ್ಚಯಿಸಿದರು. ಬಿಡಿಬಿಡಿಯಾಗಿ ಅಂಕ ಕೊಡುವವರಿಗೆ ಹಿಂದೆ ಯಾವ ಹಾಡು ಮುಗಿದಿತ್ತು, ಮುಂದೆ ಯಾವುದು ಬರಲಿದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಬಂದೇನವಾಜರ ಉರುಸಿಗೆ ತಪ್ಪದೆ ಹೋಗುತ್ತೇನೆಂದು ಪರಿಚಯದಲ್ಲಿ ಹೇಳಿಕೊಂಡಿದ್ದೀರಿ. ಅಲ್ಲಿ ಕವ್ವಾಲರು ದೇವರ ಸ್ತುತಿಯಾದ ಹಮ್ದ್, ಪ್ರವಾದಿಯ ಸ್ತುತಿಯಾದ ನಾತ್ ಹಾಡಿದ ಮೇಲೆಯೇ ಸೂಫಿ ಸಂತರ ಸ್ತುತಿಗೆ ಬರುವುದನ್ನು ಕೇಳಿದವರಿಗೆ ಕ್ರಮದ ಬೆಲೆ ತಿಳಿದಿರಬೇಕು.

ನಿಮ್ಮ ಇನ್ನೊಂದು ವಾಕ್ಯ: ‘ಲಾಂಗ್, ಲಾಂಗ್, ಲಾಂಗ್ ಸರಿಯಾಗಿ ಕೇಳಿಸುವುದೇ ಇಲ್ಲ, ಸಪ್ಪೆ ಹಾಡು, ಬಿಟ್ಟೆವು.’ ಮೂಲದಲ್ಲಿ ಇದು ‘ಹೆಲ್ಟರ್ ಸ್ಕೆಲ್ಟರ್’ ಆದ ಮೇಲೆ ಬರುತ್ತದೆ. ಆ ಹಾಡು ಅಬ್ಬರಿಸಿ, ತಗ್ಗಿ, ಮುಗಿಯಿತು ಎನ್ನುವಾಗ ಮತ್ತೆ ಎದ್ದು ಬರುತ್ತದೆ. ಕೊನೆಯಲ್ಲಿ ಡ್ರಮ್ಮು ಬಾರಿಸಿ ದಣಿದ ರಿಂಗೋ, ಬೆರಳುಗಳಿಗೆ ಬೊಬ್ಬೆ ಎದ್ದಿವೆ ಎಂದು ಕೂಗುತ್ತಾರೆ. ಆ ಕೂಗು ಕಿವಿಯಲ್ಲಿರುವಾಗಲೇ ತಂಡದ ಗಿಟಾರ್ ವಾದಕ ಹ್ಯಾರಿಸನ್ನರ ತಗ್ಗಿದ ದನಿ ಶುರುವಾಗುತ್ತದೆ, ಕೇಳುವವರು ಕಿವಿಗೊಟ್ಟು ಮುಂದಕ್ಕೆ ಬಾಗಲೇಬೇಕಾಗುತ್ತದೆ. ಕೊನೆಯಲ್ಲಿ ಆರ್ಗನ್ನಿನ ಒಂದು ಸ್ವರಕ್ಕೆ ಸ್ಪೀಕರ್ ಪೆಟ್ಟಿಗೆಯ ಮೇಲಿದ್ದ ವೈನ್ ಬಾಟಲಿ ಗಡಗಡ ಅದುರಿದ ಸದ್ದನ್ನೂ ತಂಡದವರು ಹಾಡಿನಲ್ಲಿಯೇ ಉಳಿಸಿಕೊಂಡರು. ಸರಿಯಾಗಿ ಕೇಳಿಸದಿರುವುದೇ ಆ ಹಾಡಿನ ಕೆಲಸ. ನೀವು ಅದನ್ನು ತೆಗೆದು ಆ ಜಾಗಕ್ಕೆ ‘ಬರ್ತ್‌ಡೇ’ ತಂದಿದ್ದೀರಿ. ಅಬ್ಬರದ ಬೆನ್ನಿಗೇ ಅಬ್ಬರ ಬಂದು ಎರಡೂ ಮಂಕಾಗಿವೆ.

ಆರಂಭದಲ್ಲಿಯೂ ಇದೇ ಆಗಿದೆ. ‘ಬ್ಯಾಕ್ ಇನ್ ದ ಯುಎಸ್ಎಸ್ಆರ್’ ಕೊನೆಯ ವಿಮಾನದ ಮೊರೆತ ಇಳಿಯುತ್ತಿರುವಾಗಲೇ ಅದರೊಳಗಿನಿಂದ ‘ಡಿಯರ್ ಪ್ರೂಡೆನ್ಸ್’ನ ಗಿಟಾರ್ ಮೂಡುತ್ತದೆ. ನೀವು ಎರಡನ್ನೂ ಉಳಿಸಿಕೊಂಡು ಅವುಗಳ ನಡುವೆ ಐದು ಹಾಡುಗಳನ್ನು ತುರುಕಿದ್ದೀರಿ, ಏಕೆಂದು ಒಂದು ಮಾತೂ ಬರೆದಿಲ್ಲ.

ಈ ಊರು ಇನ್ನೂ ಗುಲಬರ್ಗಾ ಆಗಿದ್ದ, ಅಚ್ಚಿನ ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲದಲ್ಲಿ ನಾನು ಒಂದು ಸಣ್ಣ ಮಾಸಪತ್ರಿಕೆಯಲ್ಲಿ ಕೆಲಸ ಕಲಿತೆ. ಕವಿತೆಗಳ ಆಯ್ಕೆ ಮುಗಿದ ಮೇಲೆ ನಮ್ಮ ಹಿರಿಯ ಸಂಪಾದಕರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಒಂದು ಕವಿತೆಯ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲನ್ನೂ ಒಂದೇ ಉಸಿರಿನಲ್ಲಿ ಜೋರಾಗಿ ಓದಿಸುತ್ತಿದ್ದರು. ಒಮ್ಮೆ ಹೆಸರಾಂತ ಕವಿಯೊಬ್ಬರ ದೀರ್ಘ ಕವಿತೆಯನ್ನು ಮುಂದಿನ ತಿಂಗಳಿಗೆ ಎತ್ತಿಟ್ಟರು. ಅದರಲ್ಲಿ ಕೊರತೆಯೇನೂ ಇರಲಿಲ್ಲ. ಅದರ ಪಕ್ಕದಲ್ಲಿ ಹೊಸ ಹುಡುಗಿಯೊಬ್ಬಳ ಎಂಟು ಸಾಲು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂಕ ಹಾಕಿದ್ದರೆ ಆ ಎಂಟು ಸಾಲು ಅಚ್ಚಿನ ಮನೆಗೇ ಹೋಗುತ್ತಿರಲಿಲ್ಲ. ನಿಮ್ಮ ಲೇಖನ ಓದುವಾಗ ನನಗೆ ಸಿಟ್ಟು ಬಂದದ್ದು ಈ ಪಾಠ ಇನ್ನೂ ಮೈಯೊಳಗೆ ಇರುವುದರಿಂದ.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ಅಂಕಪಟ್ಟಿ ತೆಗೆದುಹಾಕಿ. ಹಾಡುಗಳ ಆಯ್ಕೆ ನಿಮ್ಮದೇ ಇರಲಿ, ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕಿವಿಗೆ ಏನಾಗುತ್ತದೆ ಎಂಬುದನ್ನು ನಾಲ್ಕೈದು ಕಡೆಯಾದರೂ ವಿವರಿಸಿ. ಮೊದಲ ಬದಿ ಯಾವ ಹಾಡಿಗೆ ಮುಗಿಯಬೇಕು, ಏಕೆ ಎಂಬುದಂತೂ ಬೇಕೇ ಬೇಕು. ರೆಕಾರ್ಡ್ ತಿರುಗಿಸಿ ಹಾಕಲು ಕೇಳುಗರು ಎದ್ದೇಳುವುದು ಅಲ್ಲಿಯೇ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ಪರಿಶೀಲಿಸುತ್ತೇನೆ.

ಸಂಪಾದಕ